ವಿಮಾನದ ಮೈದಾನ ಮೇಯ್ದ ಕುರಿಗಳು

ಹೋದ ತಿಂಗಳು ಲಾತೂರದ ಸಣ್ಣ ವಿಮಾನ ನಿಲ್ದಾಣದಲ್ಲಿ ನನ್ನ ಮೊಮ್ಮಗಳು ತನ್ನ ಕೂಸನ್ನು ನನ್ನ ಉಡಿಯಲ್ಲಿ ಹಾಕಿದಳು. ಇನ್ನೂ ಕತ್ತು ನಿಲ್ಲದ ಕೂಸು. ಮುಂಬಯಿಯಿಂದ ಮೋಡದ ಮೇಲೆ ಹಾರಿ ಬಂದದ್ದರ ಖಬರೇ ಇಲ್ಲದೆ ಗಾಢ ನಿದ್ದೆಯಲ್ಲಿತ್ತು. ನಾನು ನಕ್ಕೆ, ಅತ್ತೆ, ಗುರುತಿಲ್ಲದವರನ್ನೂ ನಿಲ್ಲಿಸಿ “ನೋಡ್ರಿ, ನನ್ನ ಮೊಮ್ಮಗಳ ಮಗಳು, ಒಂದೀಟು ನೋಡ್ರಿ” ಎಂದು ತೋರಿಸಿದೆ. ಎಷ್ಟು ಚೆಂದ ಇದೆ ಆ ನಿಲ್ದಾಣ! ಕಾಜಿನ ಬಾಗಿಲು, ತಣ್ಣೀರಿನ ಯಂತ್ರ, ಕೂಡಲು ಕುರ್ಚಿಗಳ ಸಾಲು. ಯಾವ ವಿಮಾನ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಹಲಗೆಯ ಮೇಲೆ ಬರೆದಿರುತ್ತಾರೆ. ನನ್ನ ಓದು ಅಷ್ಟರಲ್ಲೇ, ಮೊಮ್ಮಕ್ಕಳ ಪಾಟಿಯ ಮೇಲೆ ಕಲಿತದ್ದು. ಆದರೂ ಊರಿನ ಹೆಸರು ಕೂಡಿಸಿ ಓದಿದೆ.

ಬಾಗಿಲಲ್ಲಿದ್ದ ಪೊಲೀಸ ಹುಡುಗ ಮರಾಠಿಯಲ್ಲಿ, ಆಜೀ, ಮೊದಲ ಸಲ ಬಂದಿರೇನು ವಿಮಾನ ನೋಡಲಿಕ್ಕೆ, ಅಂದ.

“ಇಲ್ಲಪ್ಪಾ. ಸಣ್ಣಾಕಿ ಇದ್ದಾಗ ನಾ ಇಮಾನದ ಮೈದಾನದಾಗೇ ಇದ್ದೆ” ಅಂದೆ.

ಹುಡುಗ ನಕ್ಕ. ಮೊಮ್ಮಗಳೂ ನಕ್ಕಳು. “ಖುಷಿ ಆತಂದ್ರ ನಮ್ಮಾಯಿ ಏನರ ಮಾತಾಡ್ತಾಳ್ರೀ.”

ಖುಷಿ ಹೌದು. ಎದೆಯಲ್ಲಿ ಹಿಡಿಸಲಾರದಷ್ಟು. ಆದರೆ ಹೇಳಿದ್ದು ಖರೆ ಮಾತು. ಅವತ್ತಿನಿಂದ ಕೂಸಿನ ಮುಖ ನೋಡಿದಾಗೊಮ್ಮೆ ಸಂತೋಷ ಉಕ್ಕುತ್ತದೆ, ಅದರ ಬೆನ್ನಿಗೇ ನಮ್ಮವ್ವನ ಮುಖ ಬರುತ್ತದೆ. ಅವ್ವನ ಮುಖದಲ್ಲಿ ಸಂತೋಷ ಇರುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಅದು ನಿಜಾಮ ಸರಕಾರದ ಕಾಲ. ನಾವು ಕುರಿಯವರು, ಬೀರಪ್ಪನ ಒಕ್ಕಲು. ಉಮರ್ಗಾದಿಂದ ಯೆಣೆಗೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಒಂದು ಉದ್ದನೆಯ ಹುಲ್ಲುಬಯಲಿತ್ತು. ಮಳೆಗಾಲ ಕಳೆದ ಮೇಲೆ ನಮ್ಮ ಹಟ್ಟಿ ಅಲ್ಲಿ ಬೀಳುತ್ತಿತ್ತು. ಒಂದು ದಿನ ಹೈದರಾಬಾದಿನಿಂದ ಒಬ್ಬ ಸಾಹೇಬ ಮೋಟಾರಿನಲ್ಲಿ ಬಂದ. ಬಯಲಿನ ಆ ತುದಿಯಿಂದ ಈ ತುದಿಗೆ ಮೋಟಾರನ್ನು ಧೂಳೆಬ್ಬಿಸಿ ಓಡಿಸಿದ. ಪಕ್ಕದಲ್ಲಿ ಕೂತ ಕಾರಕೂನನ ಕೈಯಲ್ಲಿ ನೀರು ತುಂಬಿದ ಗ್ಲಾಸು. ನೀರು ತುಳುಕಲಿಲ್ಲ, ನೆಲ ಪಾಸಾಯಿತು. ಪುಣೆಯಿಂದ ಹೈದರಾಬಾದಿಗೆ ಟಪಾಲನ್ನೂ ಒಬ್ಬಿಬ್ಬರು ಮಂದಿಯನ್ನೂ ಹೊತ್ತ ವಿಮಾನ ನಮ್ಮ ತಲೆಯ ಮೇಲೆ ಹಾಯುತ್ತದೆ. ನಡುದಾರಿಯಲ್ಲಿ ಯಂತ್ರ ಕೆಟ್ಟರೆ, ಮೋಡ ಕವಿದರೆ ಇಳಿಯಲು ಒಂದು ಜಾಗ ಬೇಕು, ಅದಕ್ಕೆ ಈ ಬಯಲು ಎಂದು ತಾಲೂಕಿನ ಕಂದಾಯದ ಗಿರ್ದಾವರ ನಮ್ಮಪ್ಪನಿಗೆ ತಿಳಿಸಿ ಹೇಳಿದ.

ಸಾಹೇಬನ ಕಣ್ಣು ಹುಲ್ಲಿನ ಮೇಲಿತ್ತು. ಇಷ್ಟು ಸಮ ಕೊಯ್ದವರು ಯಾರು ಎಂದು ಕೇಳಿದ. ಅಪ್ಪ ಕುರಿಗಳ ಕಡೆ ಕೈ ಮಾಡಿದ. ಸಾಹೇಬ ಹೊಟ್ಟೆ ಹಿಡಿದು ನಕ್ಕ. ನಕ್ಕು, ಅಪ್ಪನನ್ನೇ ಮೈದಾನದ ಕಾವಲಿಗೆ ಇಟ್ಟುಕೊಂಡ. ಒಂದು ಖಾಕಿ ಕೋಟು, ಎದೆಗೆ ಹಿತ್ತಾಳೆಯ ಬಿಲ್ಲೆ. ಕುರಿ ಬಿಟ್ಟು ಹುಲ್ಲು ಗಿಡ್ಡ ಇಡುವುದು, ವಿಮಾನದ ಸಪ್ಪಳ ಕೇಳಿದ ಕೂಡಲೇ ಕುರಿ ಹೊರಗೆ ಹೊಡೆಯುವುದು, ಇಷ್ಟು ಕೆಲಸ.

ಕೋಟು ಹಾಕಿಕೊಂಡು ಅಪ್ಪ ಹಟ್ಟಿಗೆ ಬಂದರೆ ನಮ್ಮ ನಾಯಿ ಬೊಗಳಿತು.

“ನಾಯಿಗೂ ಗುರ್ತ ಹತ್ತವಲ್ದು ನೋಡ್ರಿ ಸಾಹೇಬ್ರದು” ಅಂದಳು ಅವ್ವ.

“ನಗು, ನಗು. ನಾಳಿ ಇಮಾನದಾಗಿನ ಮಂದಿ ಬಂದು ನಿನ್ನ ಕೈಯಾನ ನೀರು ಬೇಡಿದಾಗ ತಿಳೀತದ.”

“ಬೇಡಲಿ. ಮೊದಲ ನಿಮ್ಮ ಸಾಹೇಬಗ ಹೇಳು, ಒಂದು ಕೊಡ ಕೊಡಸಂತ. ನಮ್ಮದು ಸೋರ್ತದ.”

ಕೊಡ ಬಂತು. ಆ ನಿಲ್ದಾಣದ ಸವಲತ್ತು ಎಂದರೆ ಆ ಕೊಡ, ಒಂದು ತಗಡಿನ ಚಪ್ಪರ, ಎರಡು ಬೆತ್ತದ ಕುರ್ಚಿ, ಬೆಂಕಿ ಹತ್ತಿದರೆ ಸುರಿಯಲು ಉಸುಕಿನ ಬಕೀಟು. ಬಯಲಿನ ನಡುವೆ ಕಲ್ಲು ಹೂಳಿ ದೊಡ್ಡ ದುಂಡನೆಯ ಗೆರೆ ಮಾಡಿದ್ದರು. ಮೇಲಿನಿಂದ ಕಾಣಲೆಂದು ಅವ್ವ ಅದಕ್ಕೆ ಸುಣ್ಣ ಬಳಿಯುತ್ತಿದ್ದಳು. ಎತ್ತರದ ಕಂಬಕ್ಕೆ ಬಟ್ಟೆಯ ಉದ್ದ ಚೀಲ, ಗಾಳಿ ಯಾವ ಕಡೆಯದು ಎಂದು ಅದು ತೋರಿಸುತ್ತಿತ್ತು. ವಿಮಾನ ವಾರದಲ್ಲಿ ಕೆಲವು ದಿನ ಹೈದರಾಬಾದಿನ ಕಡೆ ಹೋಗುವುದು, ಮತ್ತೆ ಹೊರಳಿ ಪುಣೆಯ ಕಡೆ. ಬರುವ ಹೊತ್ತಿಗೆ ಮೇಲಿನವರಿಗೆ ಜಾಗ ಕಾಣಲೆಂದು ಅಪ್ಪ ಬೆಂಕಿಗೆ ಹಸಿ ಸಗಣಿ ಹಾಕಿ ಹೊಗೆ ಎಬ್ಬಿಸುತ್ತಿದ್ದ. ಮೊದಲಲ್ಲಿ ಆ ಸಪ್ಪಳಕ್ಕೆ ಕುರಿಗಳು ಚೆಲ್ಲಾಪಿಲ್ಲಿ ಓಡಿದವು. ಬರಬರುತ್ತಾ ನಮ್ಮ ಕರಿಮೋತಿಯ, ಕಪ್ಪು ಮುಖದ ಕುರಿ ತಲೆ ಎತ್ತಿ ನೋಡುವುದನ್ನೂ ಬಿಟ್ಟಿತು. ಅದು ಹಿಂಡಿಗೇ ಹಿರಿಯದು. ಅವ್ವನ ತವರು ಉದಗೀರದ ಕಡೆ. ಮದುವೆಯಲ್ಲಿ ಅಲ್ಲಿಂದ ಬಂದ ಕುರಿಗಳ ಸಂತಾನವೇ ನಮ್ಮ ಹಿಂಡು. ಬಂಗಾರ ಕಾಣದ ಅವ್ವ ಆ ಕುರಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಈಗ ಬರೆಯುತ್ತಿದ್ದ ಹಾಗೇ ಕೂಸು ಎದ್ದಿತು. ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ. ನನ್ನ ಬೆರಳು ಹಿಡಿದರೆ ಬಿಡುವುದಿಲ್ಲ, ಎಂಥ ಹಿಡಿತ ಅದರದು! ಇರಲಿ, ಬರೆಯುತ್ತೇನೆ.

ವಿಮಾನ ನಮ್ಮಲ್ಲಿ ಇಳಿದದ್ದು ಒಂದೇ ಸಲ. ಚಳಿಗಾಲದ ಮುಂಜಾನೆ, ಮುದುಕರು ಕೆಮ್ಮಿದಂತೆ ಕೆಮ್ಮುತ್ತಾ ಬಂತು. ಅಪ್ಪ ಕುರಿಗಳನ್ನು ಕೂಗಿ ಒಂದು ಮಗ್ಗುಲಿಗೆ ಸೆಳೆದ. ಗಾಲಿ ಹುಲ್ಲಿಗೆ ತಾಗಿತು, ಓಡಿತು, ನಿಂತಿತು. ಹಾರಿಸುವವನ ಹಿಂದೆ ಒಬ್ಬ ಹೆಣ್ಣುಮಗಳು ಇಳಿದಳು. ಎರಡು ಹೆಜ್ಜೆ ಇಟ್ಟವಳು ಹುಲ್ಲಿನ ಮೇಲೇ ಕೂತುಬಿಟ್ಟಳು. ಅವ್ವ ಆಕಿಯನ್ನು ಬೆತ್ತದ ಕುರ್ಚಿಯ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಕುರಿಯ ಹಾಲಿಗೆ ಬೆಲ್ಲ ಹಾಕಿ ಕುಡಿಸಿದಳು. ಆಕಿಯ ಮಾತು ಅವ್ವನಿಗೆ ತಿಳಿಯದು, ಅವ್ವನದು ಆಕಿಗೆ ತಿಳಿಯದು. ಆಕಿ ಅವ್ವನ ಕೈ ಮಾತ್ರ ಹಿಡಿದುಕೊಂಡೇ ಇದ್ದಳು. ನಾನು ಹೋಗಿ ರೆಕ್ಕೆ ಮುಟ್ಟಿದೆ. ಡೊಳ್ಳಿನ ಹಾಗೆ ಬಿಗಿಯಾಗಿತ್ತು. ಯಂತ್ರ ಸರಿ ಮಾಡಿಕೊಂಡು ಹೊರಡುವಾಗ ಹಾರಿಸುವವನು ಅಪ್ಪನ ಬೆನ್ನು ತಟ್ಟಿ ಹಿಂದೂಸ್ತಾನಿಯಲ್ಲಿ ಹೇಳಿದ: ಹುಲ್ಲು ಉದ್ದ ಇದ್ದಿದ್ದರೆ ಇವತ್ತು ನಾವು ಮಗುಚಿ ಬೀಳುತ್ತಿದ್ದೆವು, ನಿನ್ನ ಕುರಿ ನಮ್ಮನ್ನು ಉಳಿಸಿದವು.

ಆ ಮಾತು ಅಪ್ಪನ ಒಳಗೆ ಬೇರು ಬಿಟ್ಟಿತು. ಅವತ್ತಿನಿಂದ ಮೇಲೆ ಸಪ್ಪಳ ಕೇಳಿದರೆ ಅವನಿಗೆ ಯಂತ್ರ ಕಾಣುತ್ತಿರಲಿಲ್ಲ. ಒಳಗೆ ಕೂತ ಆ ಹೆಣ್ಣುಮಗಳಂಥವರು ಕಾಣುತ್ತಿದ್ದರು.

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲೇ ಕುರಿಯವರು ಈ ಎರೆ ನೆಲ ಬಿಡಬೇಕು. ಲೋಹಾರಾ ದಾಟಿ ಪಡುವಣದ ಕಲ್ಲುಮರಡಿಗೆ ಹೋಗಬೇಕು, ಅಲ್ಲಿ ನೀರು ನಿಲ್ಲುವುದಿಲ್ಲ. ಎರೆಯ ಕೆಸರು ಗೊರಸಿನ ಸಂದಿಯಲ್ಲಿ ಹೊಕ್ಕಿತೆಂದರೆ ಕಾಲು ಕೊಳೆಯುತ್ತದೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅವ್ವನ ತಮ್ಮ, ನಮ್ಮ ಸೋದರಮಾವ, ನಮ್ಮನ್ನು ಕೂಡಿಕೊಂಡು ಹೋಗಲು ಉದಗೀರದ ಕಡೆಯಿಂದ ತನ್ನ ಹಿಂಡು ಹೊಡೆದುಕೊಂಡು ಬಂದ.

“ಭಾವಾ, ಆ ಬಿಲ್ಲೆ ಬಿಚ್ಚಿ ಕಂಬಕ್ಕ ತೂಗಹಾಕು. ನಡಿ. ಆಭಾಳದಾಗ ಮೋಡ ನೋಡು ಹ್ಯಾಂಗ ಕಟ್ಯಾದ.”

“ನೀವು ನಡೀರಿ ತಮ್ಮಾ. ನಂಗ ಹುಕುಂ ಅದ, ಮೈದಾನ ಬಿಡಂಗಿಲ್ಲ.”

“ಹುಕುಂ ನಿಂಗದ. ಕುರಿಗೇನದ?” ಅಂದಳು ಅವ್ವ. “ನೀ ಇರು. ಹಿಂಡ ನಾ ಹೊಡ್ಕೊಂಡು ಹೋಗ್ತೀನಿ.”

“ಕುರಿ ಹೋದ್ರ ಹುಲ್ಲ ಯಾರು ಮೇಯ್ಬೇಕು? ನೀ ಮೇಯ್ತೀ? ಮಳಿ ಬಿದ್ರ ಹುಲ್ಲು ಮೊಣಕಾಲಿಗಿ ಬರ್ತದ. ಗಾಲಿ ಸಿಕ್ಕು ಮಗಚಿತಂದ್ರ ಒಳಗ ಕುಂತವರ ಗತಿ?”

ಮಾವ ನಕ್ಕ. “ಮಳಿಗಾಲದ ಈ ರಾಡ್ಯಾಗ ಯಾವ ಹುಚ್ಚ ಇಮಾನ ಇಳಸ್ತಾನ ಭಾವಾ?”

“ಇಳಸಿದ್ರ?”

ಮಾವ ತನ್ನ ಕೋಲು ಎತ್ತಿಕೊಂಡ. ಅವ್ವ ಕಟ್ಟಿದ್ದ ಗಂಟು ಬಿಚ್ಚಿದಳು. ಆಕಿಗೂ ತನ್ನ ಕೈ ಹಿಡಿದು ಕೂತಿದ್ದ ಆ ಹೆಣ್ಣುಮಗಳು ನೆನಪಿದ್ದಳಲ್ಲ. ಮಾವ ಒಬ್ಬನೇ ಹೋದ.

ಮಳೆ ಹಿಡಿಯಿತು. ನಿಂತು ಹಿಡಿಯಿತು. ಕಲ್ಲಿನ ಸುಣ್ಣ ತೊಳೆದು ಹೋಯಿತು, ಬಟ್ಟೆಯ ಚೀಲ ಕಂಬಕ್ಕೆ ಅಂಟಿಕೊಂಡಿತು, ಹುಲ್ಲು ಮೇಯ್ದಷ್ಟೂ ಬೆಳೆಯಿತು. ಮೊದಲು ಒಂದು ಕುರಿ ಕುಂಟಿತು, ಆಮೇಲೆ ಅದರ ಮರಿ, ಆಮೇಲೆ ಎಲ್ಲ. ಅವ್ವ ಹೊಗೆಸೊಪ್ಪು, ಬೇವಿನೆಲೆ ಕುದಿಸಿ ಒಂದೊಂದೇ ಕುರಿಯನ್ನು ತೊಡೆಯ ಮೇಲೆ ಕೆಡವಿಕೊಂಡು ಗೊರಸು ತೊಳೆಯುತ್ತಿದ್ದಳು. ತೊಳೆದು ಬಿಟ್ಟ ಕುರಿ ಮತ್ತೆ ಕೆಸರಿಗೇ ಇಳಿಯಬೇಕು, ಬೇರೆ ನೆಲ ಎಲ್ಲಿತ್ತು? ಆಕಿಯ ಕೈಗೆ ಹತ್ತಿದ ಆ ಕೊಳೆತ ವಾಸನೆ ಜೋಳದ ಭಕ್ಕರಿಗೂ ಹತ್ತುತ್ತಿತ್ತು. ಮರಿಗಳು ಒಂದೊಂದೇ ಹೋದವು. ಅಪ್ಪನೇ ಗುಂಡಿ ತೋಡುತ್ತಿದ್ದ. ಕೋಟು ಬಿಚ್ಚಿಟ್ಟು ತೋಡುತ್ತಿದ್ದ, ಮತ್ತೆ ಹಾಕಿಕೊಳ್ಳುತ್ತಿದ್ದ.

ಒಂದು ಮುಂಜಾನೆ ಮೋಡದ ಮೇಲೆ ಎಲ್ಲೋ ಸಪ್ಪಳ ಬಂತು. ಅಪ್ಪ ಓಡಿದ. ತೊಯ್ದ ಸಗಣಿಯ ಕುಳ್ಳು ಹತ್ತಲೊಲ್ಲದು, ಊದಿ ಊದಿ ಕಣ್ಣು ಕೆಂಪಾದವು. ಸಪ್ಪಳ ದೂರ ಹೋಗಿ ನಿಂತಿತು. ಅವನು ಹೊರಳಿ ಬರುವಾಗ ಕರಿಮೋತಿಯ ಕುರಿ ಮುಂಗಾಲಿನ ಮೊಣಕಾಲೂರಿ ಮೇಯುತ್ತಿತ್ತು. ಗೊರಸು ನೆಲಕ್ಕೆ ಇಡಲಾರದೆ ಮೊಣಕಾಲ ಮೇಲೇ ಸರಿಯುತ್ತಾ, ಒಂದು ಬಾಯಿ ಹುಲ್ಲು, ಮತ್ತೊಂದು ಬಾಯಿ ಹುಲ್ಲು. ಅಪ್ಪ ನಿಂತು ನೋಡಿದ.

“ನೋಡು, ಮೊಣಕಾಲ ಮ್ಯಾಲ ನಿಂತೂ ಮೇಯ್ತಾಳ. ಹುಲ್ಲು ಬೆಳಿಯಗೊಡಂಗಿಲ್ಲ ಇಕಿ” ಅಂದ.

ಹೊಗಳಿಯೇ ಅಂದದ್ದು. ಅವ್ವ ಅವನ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು ಹೋಗಿ ಒಂದೊಂದೇ ಕುರಿಯ ಗೊರಸು ಎತ್ತಿ, ಯಾವುದು ನಡೆಯಬಲ್ಲದು ಎಂದು ನೋಡಿದಳು.

ಮರುದಿನ ಬೆಳಕು ಹರಿಯುತ್ತಲೇ ನಮ್ಮ ಹೊರೆ ಹೊರುವ ಕುದುರೆಯ ಮೇಲೆ ಗಂಟು ಹೇರಿದಳು. ನಡೆಯಬಲ್ಲ ಕುರಿಗಳನ್ನು ಬೇರೆ ಮಾಡಿದಳು. ಉಳಿದಿದ್ದ ಒಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕರಿಮೋತಿಯ ಹತ್ತಿರ ಕೂತು ಅದರ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿ ಎದ್ದಳು. ಅಪ್ಪ ತಡೆಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು “ಅವ್ವನ ಬಿಟ್ಟು ಎಲ್ಲೂ ಹೋಗಬ್ಯಾಡ” ಅಂದ. ನಡೆಯಲಾರದ ಕುರಿಗಳು ಅವನ ಕೂಡ ಉಳಿದವು.

ಮರಡಿಯ ಮೇಲೆ ಮಾವನ ಹಟ್ಟಿಯ ಪಕ್ಕದಲ್ಲಿ ನಾವು ಮಳೆಗಾಲ ಕಳೆದೆವು. ಒಣ ನೆಲದಲ್ಲಿ ಕುರಿಗಳ ಕಾಲು ಮಾಯ್ದವು. ಮಳೆ ಹಿಂದಾದ ಮೇಲೆ ಒಂದು ಮಧ್ಯಾಹ್ನ ಅಪ್ಪ ನಡೆದು ಬಂದ. ಮೈಮೇಲೆ ಕೋಟಿಲ್ಲ, ಬಿಲ್ಲೆಯಿಲ್ಲ. ವಿಮಾನ ಇಳಿಯಲು ಬೇರೆ ಕಡೆ ಪಕ್ಕಾ ಮೈದಾನ ಮಾಡಿದ್ದಾರಂತೆ. ಲಾರಿ ತಂದು ತಗಡು, ಕುರ್ಚಿ, ಕಂಬ ಎಲ್ಲ ಹೇರಿಕೊಂಡು ಹೋದರಂತೆ. ಅವ್ವ ಭಕ್ಕರಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಕುರಿ?”

“ಒಂದೂ ಉಳೀಲಿಲ್ಲ.”

ಭಕ್ಕರಿ ಹೊರಳಿಸಿದಳು. ಅದು ಉಬ್ಬಿದ ಮೇಲೆ ಕೇಳಿದಳು.

“ಒಂದರ ಇಮಾನ ಇಳೀತೇನು, ಮಳ್ಯಾಗ?”

“ಇಲ್ಲ.”

ಅವ್ವ ಬಿಸಿ ಭಕ್ಕರಿ ತೆಗೆದು ಅವನ ಮುಂದೆ ಇಟ್ಟಳು.

ಮರುದಿನ ಹಟ್ಟಿ ಕಿತ್ತೆವು. ನಮ್ಮಲ್ಲಿ ಗಂಡಸು ಕೋಲು ಹಿಡಿದು ಹಿಂಡಿನ ಮುಂದೆ ನಡೆಯುತ್ತಾನೆ. ಹೆಂಗಸರು, ಮಕ್ಕಳು, ಗಂಟು ಹೊತ್ತ ಕುದುರೆ ಹಿಂದೆ. ಅಷ್ಟು ದಿನ ಅವ್ವನೇ ಮುಂದೆ ನಡೆದಿದ್ದಳು. ಅವತ್ತು ಕೋಲು ತಂದು ಅಪ್ಪನ ಮುಂದೆ ಹಿಡಿದಳು. ಅಪ್ಪ ಕೋಲು ನೋಡಿದ, ಕೈ ಚಾಚಲಿಲ್ಲ. ಹೋಗಿ ಕುದುರೆಯ ಹಗ್ಗ ಹಿಡಿದು ನಿಂತ. “ತಗೋ, ಸಾಕು” ಅಂದಳು ಅವ್ವ. ಅವನು ತಗೊಳ್ಳಲಿಲ್ಲ.

ಸಾಯುವ ತನಕ ಹಿಂದೆಯೇ ನಡೆದ. ನಿಲಂಗಾದ ಕಡೆ, ಉದಗೀರದ ಕಡೆ, ಎಲ್ಲಿ ಹೋದರೂ ಮಂದಿ ನಗುತ್ತಿದ್ದರು. “ಏನಬೇ, ಗಂಡಗ ಬಾಲ ಹಿಡಿಯೋ ಕೆಲಸ ಕೊಟ್ಟೀಯೇನು?” ಎಂದು ಅವ್ವನನ್ನು ಕೆಣಕುತ್ತಿದ್ದರು. ಅವ್ವ ಹೊರಳಿಯೂ ನೋಡದೆ ನಡೆಯುತ್ತಿದ್ದಳು. ಹಿಂದೆ ಅಪ್ಪ, ಅವನ ಹೆಗಲ ಮೇಲೆ ಯಾವುದಾದರೂ ಕುಂಟುವ ಕುರಿ. ಮುಳ್ಳು ಚುಚ್ಚಿ ಒಂದು ಹೆಜ್ಜೆ ತಪ್ಪಿದರೂ ಸಾಕು, ಎತ್ತಿ ಹಾಕಿಕೊಳ್ಳುತ್ತಿದ್ದ. “ಮುಳ್ಳು ತೆಗದೀನಿ, ಈಗ ನಡೀತದ, ಇಳಸಪ್ಪಾ” ಎಂದು ನಾನು ಎಷ್ಟು ಹೇಳಿದರೂ ಇಳಿಸುತ್ತಿರಲಿಲ್ಲ.