ಸೋಬಾನೆಯಲ್ಲಿ ತಪ್ಪಿದ ಹೆಸರು

ಅರಕಲಗೂಡಿನ ಸುತ್ತಿನ ಹಳ್ಳಿಗಳಲ್ಲಿ ಜಯಲಕ್ಷ್ಮಮ್ಮನಂಥ ಕಂಠ ಇನ್ನೊಂದಿರಲಿಲ್ಲ. ಆದರೂ ಮೂವತ್ತು ವರ್ಷ ಯಾರೂ ಅವಳನ್ನು ಮದುವೆಯಲ್ಲಿ ಹಾಡಲು ಕರೆಯಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು. ಹತ್ತೊಂಬತ್ತರ ಪ್ರಾಯದಲ್ಲಿ ಅವಳು ಪುಟ್ಟರಾಜುವಿನ ಮನೆಯವರ ತಂಬಾಕು ಹದಮಾಡುವ ಬ್ಯಾರನ್ನಿನಲ್ಲಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದಳು. ನಿನ್ನನ್ನೇ ಮದುವೆಯಾಗುತ್ತೇನೆಂದು ಪುಟ್ಟರಾಜು ಎರಡು ಬೆಳೆಯ ಕಾಲ ಹೇಳಿದ. ಮೂರನೆಯ ಬೆಳೆಗೆ ಮೊಸಳೆ ಎಂಬ ಊರಿನ ಕಡೆಯ ಸಾಕಮ್ಮನನ್ನು ಕಟ್ಟಿಕೊಂಡ. ಆ ಮದುವೆಗೆ ಸೋಬಾನೆ ಹಾಡಲು ಕರೆಸಿದ್ದೂ ಇವಳನ್ನೇ. ಸೋಬಾನೆ ಪದ ಎಲ್ಲ ಮದುವೆಗೂ ಒಂದೇ. ಗಂಡುಹೆಣ್ಣಿನ ಹೆಸರುಗಳನ್ನು ಮಾತ್ರ ಹಾಡುವವಳು ಸೇರಿಸಬೇಕು. ಮನೆಯಲ್ಲಿ ಒಬ್ಬಳೇ ಅದೆಷ್ಟು ಸಲ ಹಾಡಿಕೊಂಡಿದ್ದಳೋ, ಹಸೆಯ ಮುಂದೆಯೂ ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು:

ಮಲ್ಲಿಗೆ ಬನದಾಗೆ ಮೊಗ್ಗು ಕುಯ್ಯೋ ಪುಟ್ರಾಜ
ಮಡಿಲೊಡ್ಡಿ ನಿಂತೋಳು ಜಯಲಕ್ಸ್ಮಿ | ಸೋಬಾನೆ

ಚಪ್ಪರವೆಲ್ಲ ಗೊಳ್ಳೆಂದಿತು. ಅಂದಿನಿಂದ ಅವಳಿಗೆ 'ಪದದ ಹೆಂಡ್ತಿ' ಎಂಬ ಹೆಸರು ಅಂಟಿತು. ನೋಡಲು ಬಂದ ಗಂಡುಗಳು ಅದನ್ನು ಕೇಳಿ ಹಿಂದಿರುಗಿದರು.

ಹೋದ ಮಾಘದಲ್ಲಿ ಸಾಕಮ್ಮನೇ ಅವಳ ಬಾಗಿಲಿಗೆ ಬಂದಳು. "ಮಗಳು ರೂಪಶ್ರೀ ಮದ್ವೆ ಕಣಕ್ಕ. ನೀನೇ ಬಂದು ಸೋಬಾನೆ ಯೋಳ್ಬೇಕು."

ಊರು ಕ್ಷಮಿಸಿತೆಂದು ಜಯಲಕ್ಷ್ಮಮ್ಮ ನಂಬಿದಳು. ಸಾಯುವುದರೊಳಗೆ ಒಂದು ಮದುವೆಯಲ್ಲಿ ತಪ್ಪಿಲ್ಲದೆ ಹಾಡಬೇಕೆಂಬುದೊಂದೇ ಅವಳ ಆಸೆ. ವಾರವೆಲ್ಲ ರೂಪಶ್ರೀ, ದಿಲೀಪ್ ಎಂದು ಹೆಸರುಗಳನ್ನು ಬಾಯಿಪಾಠ ಮಾಡಿದಳು.

ಅರಕಲಗೂಡಿನ ಕಲ್ಯಾಣ ಮಂಟಪದಲ್ಲಿ ಅವಳು ದನಿ ಎತ್ತಿದೊಡನೆ ಸಾಕಮ್ಮ ತಡೆದಳು.

"ಅದಲ್ಲ ಕಣಕ್ಕ. ನಮ್ಮ ಮದ್ವೇಲಿ ಯೋಳಿದ್ಯಲ್ಲ, ಅದ್ನ ಯೋಳು. ನಮ್ಮ ಹುಡುಗೀರು ಕೇಳೇ ಇಲ್ಲ."

ಹುಡುಗಿಯರು ಆಗಲೇ ಮೊಬೈಲ್ ಹಿಡಿದು ನಿಂತಿದ್ದರು. "ಹೆಸ್ರು ಬದಲಾಯಿಸ್ಬ್ಯಾಡ ಅತ್ತೆ, ಅಂಗೇ ಇರ್ಲಿ!" ಎಂದು ಒಬ್ಬಳು ಕಿಸಕ್ಕೆಂದಳು.

ಪುಟ್ಟರಾಜು ವೀಳ್ಯದೆಲೆಗೆ ಸುಣ್ಣ ಸವರುತ್ತ ಹೇಳಿದ: "ನಾನು ಅವಳ ಕಡೆ ತಿರುಗ್ ನೋಡಿದ್ರೆ ತಾನೆ? ಅವಳೇ ಪದದಾಗೆ ತಾಳಿ ಕಟ್ಟಿಸ್ಕಂಡ್ಳು!"

ಮಂಟಪ ನಕ್ಕಿತು. ಅವನಿಗೂ ಒಳಗೊಳಗೆ ನೋವಿದ್ದೀತೆಂದು ಅವಳು ಮೂವತ್ತು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಈಗ ಅವನ ನಗುವನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಹಾಡಿದಳು:

ಮಲ್ಲಿಗೆ ಬನದಾಗೆ ಮೊಗ್ಗು ಕುಯ್ಯೋ ಪುಟ್ರಾಜ
ಮಡಿಲೊಡ್ಡಿ ನಿಂತೋಳು ಸಾಕಮ್ಮ | ಸೋಬಾನೆ

ದನಿ ಎಲ್ಲಿಯೂ ನಡುಗಲಿಲ್ಲ. ಮೊಬೈಲುಗಳು ಕೆಳಗಿಳಿದವು. "ಥೂ, ಸಪ್ಪೆ," ಎಂದಳು ಹುಡುಗಿ.

"ಅದಲ್ಲ ಕಣಮ್ಮಿ, ಆ ಹಳೇದ್ನ ಯೋಳು, ವಸಿ ನಗಾಡಾನ," ಎಂದ ಪುಟ್ಟರಾಜು.

"ಗಂಟ್ಲು ಕಟ್ಟೈತೆ, ಅಣ್ಣ."

ಅವನನ್ನು ಅಣ್ಣ ಎಂದು ಅವಳು ಕರೆದದ್ದು ಅದೇ ಮೊದಲು. ಅವನ ಕಿವಿಗೆ ಅದು ಬಿದ್ದಂತೆಯೇ ಕಾಣಲಿಲ್ಲ. "ಅಂಗಾರೆ ಉಂಡ್ಕಂಡೋಗು, ಎರಡ್ನೇ ಪಂಕ್ತಿ ಕುಂತವ್ರೆ," ಎಂದು ಎಲೆಯನ್ನು ಬಾಯಿಗೆ ತುರುಕಿದ.

ಜಯಲಕ್ಷ್ಮಮ್ಮ ಪಂಕ್ತಿಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡಳು. ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು.