ಒಗೆಯುವ ಕಲ್ಲಿನ ಹೊಳೆ

ನಂಜನಗೂಡಿನ ಬೀದಿಬೀದಿಗೆ ಮೂವತ್ತೊಂದು ವರ್ಷ ನಲ್ಲಿ ನೀರು ಬಿಟ್ಟ ನಿಂಗರಾಜು, ನಿವೃತ್ತನಾದ ಮೇಲೆ ತನ್ನ ಹಿತ್ತಲಲ್ಲಿ ಬಿಟ್ಟ ಮೊದಲ ನೀರು ನೆಟ್ಟಗೆ ಹೋಗಿ ಬಿದ್ದದ್ದು ಪಕ್ಕದ ಮನೆ ನಾಗರತ್ನಮ್ಮನ ಸಂಡಿಗೆಯ ಮೇಲೆ. ಬೀಳಬೇಕಾಗಿದ್ದದ್ದು ಒಗೆಯುವ ಕಲ್ಲಿನ ಮೇಲಿಂದ ಧುಮುಕಿ, ಕೆಳಗೆ ಕಟ್ಟಿದ್ದ ಪುಟ್ಟ ಕೊಳಕ್ಕೆ. ಮೋಟರಿನ ಸ್ವಿಚ್ ಒತ್ತಿದ್ದೇ ತಡ, ನೀರು ಕೊಳವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಕಾಂಪೌಂಡು ಹಾರಿತು.

"ಊರಿಗೆಲ್ಲಾ ನೀರ್ ಬುಟ್ಟೆ, ಒಂದ್ ಬೊಗ್ಸೆ ನೀರ್ ಹಿಡಿಯಕ್ಕಾಗ್ನಿಲ್ವಾ ನಿಂಗಣ್ಣಾ?" ಎಂದು ನಾಗರತ್ನಮ್ಮ ಗೋಡೆಯಾಚೆಯಿಂದ ಕೂಗಿದರು.

ತಪ್ಪನ್ನು ಗಾರೆ ಕೆಲಸದ ಮಾರಯ್ಯನ ಮೇಲೆ ಹಾಕೋಣವೆಂದು ನಿಂಗರಾಜು ತಿರುಗಿದ. ಮಾರಯ್ಯ ಆಗಲೇ ಕೊಳದೊಳಕ್ಕೆ ಬಗ್ಗಿ, ಕಳೆದೇ ಹೋಗಿರದ ಕರಣೆಯನ್ನು ಹುಡುಕುತ್ತಿದ್ದ.

ಇದೇನೂ ಶೋಕಿಯ ಕೆಲಸವಲ್ಲ. ನಿಂಗರಾಜುವಿನ ಹೆಂಡತಿ ಮುದ್ದಮ್ಮನಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಹಿತ್ತಲ ಕಿಟಕಿಯ ಪಕ್ಕ ಮಲಗಿದವಳು ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಅವಳ ತವರು ನರಸೀಪುರದ ಹೊಳೆದಂಡೆ. ನಂಜನಗೂಡಿನಲ್ಲೂ ಹೊಳೆಯಿದೆ, ಆದರೆ ಇವರ ಬಡಾವಣೆಗೆ ಅದರ ಸದ್ದು ಮುಟ್ಟುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವಳು, "ಒಳೆ ಸದ್ದಿಲ್ದೆ ನಿದ್ದೆ ಬರಾಕಿಲ್ಲ" ಎಂದು ಅತ್ತಾಗ ನಿಂಗರಾಜು, "ತಂದ್ಕೊಡ್ತೀನಿ, ಸುಮ್ಕಿರು" ಅಂದಿದ್ದ. ಹೊಸ ಗಂಡಂದಿರು ಏನು ಬೇಕಾದರೂ ತಂದುಕೊಡುವವರೇ. ಅವನು ಕೊನೆಗೆ ತಂದದ್ದು ಒಂದು ಬಟ್ಟೆ ಒಗೆಯುವ ಕಲ್ಲು. ಈಗ ಅದೇ ಕಲ್ಲನ್ನು ಮೇಲಿಟ್ಟು, ಅದರ ಮೇಲಿಂದ ನೀರು ಧುಮುಕಿಸಿ, ಅವಳು ಇರುವಷ್ಟರಲ್ಲಿ ಒಮ್ಮೆ 'ನಮ್ಮೂರ ಹೊಳೆ' ಎನ್ನುವಂತೆ ಮಾಡಬೇಕು.

ಮಾರನೆಯ ದಿನ ಕಲ್ಲನ್ನು ಓರೆ ಮಾಡಿದ ಮೇಲೆ ನೀರು ಕೊಳಕ್ಕೇ ಬಿತ್ತು. ಒಳಗಿನಿಂದ ತೊದಲು ದನಿ ಕೂಗಿತು:

"ಏನ್ರೀ! ಟ್ಯಾಂಕ್ ತುಂಬೋಯ್ತು! ಮೋಟ್ರು ಆಫ್ ಮಾಡ್ರೀ!"

ಮೂವತ್ತೊಂದು ವರ್ಷದ ಅಭ್ಯಾಸ. ನಿಂಗರಾಜು ಓಡಿಹೋಗಿ ಆಫ್ ಮಾಡಿಯೇಬಿಟ್ಟ. ಆಮೇಲೆ ಅವಳ ಬಳಿ ಕೂತು, "ಟ್ಯಾಂಕ್ ಅಲ್ಲ ಕಣಮ್ಮಿ, ನಿಮ್ಮೂರ್ ಒಳೆ" ಎಂದ.

"ನಮ್ಮೂರ್ ಒಳೆಗೆ ಮೋಟ್ರು ಇರ್ನಿಲ್ಲ" ಎಂದಳು ಮುದ್ದಮ್ಮ.

ಸದ್ದು ಹೊಳೆಯದಾಗಲೆಂದು ಎರಡು ವಾರ ಮಾರಯ್ಯ ಕಲ್ಲಿನ ಬಾಯಿಗೆ ಬೆಣಚುಕಲ್ಲು ಜೋಡಿಸಿದ, ಕಿತ್ತ, ಮತ್ತೆ ಜೋಡಿಸಿದ. ಪ್ರತಿಸಲವೂ ಅದೇ ಕೂಗು, ಅದೇ ಓಟ. "ಅತ್ಗೆ ಕಿವಿ ಬಲೇ ಚುರುಕು ಕಣಣ್ಣ, ನನ್ ಕೈಲಾಗಕಿಲ್ಲ" ಎಂದು ಅವನು ಬೀಡಿ ಹಚ್ಚಿದ.

"ಇನ್ನೊಂದ್ ಕಿತ ನೋಡ್ಲಾ" ಎಂದ ನಿಂಗರಾಜು.

ಶುಕ್ರವಾರ ಬೆಳಿಗ್ಗೆ ಮಾರಯ್ಯ ಕಲ್ಲಿನ ತುದಿಗೆ ಒಡೆದ ಹೆಂಚೊಂದನ್ನು ಸಿಕ್ಕಿಸಿದ. ನೀರು ತೆಳ್ಳಗೆ ಹರಡಿ, ಅಗಲವಾಗಿ ಇಳಿಯಿತು. ನಿಂಗರಾಜು ಸ್ವಿಚ್ಚಿನ ಮೇಲೆ ಕೈಯಿಟ್ಟೇ ನಿಂತ. ಐದು ನಿಮಿಷವಾಯಿತು. ಹತ್ತಾಯಿತು. ಕೂಗಿಲ್ಲ.

"ಗೊತ್ತಾಯ್ತು ಕಣ್ಲಾ ಅವ್ಳ್ಗೆ!" ಎಂದು ಮಾರಯ್ಯನ ಒದ್ದೆ ಬೆನ್ನಿಗೊಂದು ಗುದ್ದಿ ಒಳಗೆ ಓಡಿದ.

ಮುದ್ದಮ್ಮ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಉಸಿರಿರಲಿಲ್ಲ. ಕೇಳಿಸಿಕೊಂಡು ಹೋದಳೋ, ಕೇಳಿಸುವ ಮೊದಲೇ ಹೋದಳೋ, ಹೇಳಬಲ್ಲವಳು ಅವಳೊಬ್ಬಳೇ.

ಮಧ್ಯಾಹ್ನದ ಹೊತ್ತಿಗೆ ನರಸೀಪುರದಿಂದ ತವರಿನವರು ಬಂದರು. ಅಳುವಿನ ನಡುವೆಯೂ ಹಿತ್ತಲಲ್ಲಿ ನೀರು ಬೀಳುತ್ತಲೇ ಇತ್ತು. ನಾಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಾರಯ್ಯನಿಗೆ ಸನ್ನೆ ಮಾಡಿದರು. ಅವನು ಮೆಲ್ಲಗೆ ಬಂದು ಬಗ್ಗಿ ಕೇಳಿದ:

"ನಿಂಗಣ್ಣ, ಮೋಟ್ರು ಆಫ್ ಮಾಡ್ಲಾ?"

ನಿಂಗರಾಜು ಹೆಂಡತಿಯ ಕಡೆ ಒಮ್ಮೆ ಕಿವಿಗೊಟ್ಟ.

"ಬ್ಯಾಡ, ಇರು. ಅವ್ಳಿನ್ನೂ ಹೇಳ್ನಿಲ್ಲ."