ಬಾಗ್ಲು ಮಿಸ್

ಸರ್ವಮಂಗಳಾ ಮಿಸ್ ಮದುವೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ಹೆಣ್ಣನ್ನಲ್ಲ, ಗಂಡನ್ನೂ ಅಲ್ಲ, ಛತ್ರದ ಹಿಂದಿನ ಬಾಗಿಲನ್ನು. ಉಡುಗೊರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಂದು ಸುತ್ತು ಹಾಕಿ, ಆ ಬಾಗಿಲಿಗೆ ಅಡ್ಡವಾಗಿ ಕುರ್ಚಿಯೋ ಸಾರಿನ ಕೊಳದಪ್ಪಲೆಯೋ ಇದ್ದರೆ ಅಡುಗೆಯವರನ್ನು ಕರೆದು ಸರಿಸಿ, ಆಮೇಲೆಯೇ ಅಕ್ಷತೆ ಹಾಕಲು ಬರುತ್ತಿದ್ದರು. ಬಸ್ಸಿನಲ್ಲಿ ಅವರು ಕೂರುತ್ತಿದ್ದದ್ದು ತುರ್ತು ಕಿಟಕಿಯ ಪಕ್ಕದಲ್ಲೇ. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಆ ಕಿಟಕಿಯನ್ನು ತೆಗೆಯುವುದು ಹೇಗೆಂದು ಅವರಿಗೊಂದು ಪಾಠವೂ ಆಗುತ್ತಿತ್ತು. ಹಾಸ್ಟೆಲಿನ ನಾವೆಲ್ಲ ಅವರಿಗೆ ‘ಬಾಗ್ಲು ಮಿಸ್’ ಎಂದು ಹೆಸರಿಟ್ಟಿದ್ದೆವು. ಹೆಸರು ಅವರ ಕಿವಿಗೂ ಬಿದ್ದಿತ್ತು. “ದೆವ್ವದ ಮಿಸ್ ಅನ್ಲಿಲ್ವಲ್ಲ, ಸದ್ಯ” ಎಂದು ನಕ್ಕು ಸುಮ್ಮನಾದರು.

ನಾನು ತಿಪಟೂರಿನಲ್ಲಿ ಎಂ.ಎಸ್ಸಿ. ಓದುವಾಗ ಅವರು ನಮ್ಮ ಹಾಸ್ಟೆಲಿನ ವಾರ್ಡನ್. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರ್ ಆಗಿದ್ದು ನಿವೃತ್ತರಾದವರು. ಊರು ದಬ್ಬೇಘಟ್ಟ. ಗಟ್ಟಿ ಮೈಕಟ್ಟು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಜೊತೆಗೇ ಒಂದು ಸೀಟಿ. ಎರಡಕ್ಕೂ ಅವರ ಮಟ್ಟಿಗೆ ಒಂದೇ ಮರ್ಯಾದೆ. ಹಾಸ್ಟೆಲಿನ ಕಟ್ಟಡ ಹಿಂದೆ ಯಾವುದೋ ಲಾಡ್ಜ್ ಆಗಿತ್ತಂತೆ. ಮುಂದೆ ಅಗಲವಾದ ಮೆಟ್ಟಿಲು, ಹಿಂದೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಇಕ್ಕಟ್ಟಿನ ಮೆಟ್ಟಿಲು.

ನೀರು ಕಾಯಿಸುವ ಕಾಯಿಲ್, ನೂಡಲ್ಸ್ ಬೇಯಿಸುವ ಕೆಟಲ್, ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸುಗಳು, ಎಲ್ಲವೂ ಮಿಸ್ ಬೀರುವಿಗೆ ಸೇರುತ್ತಿದ್ದವು. ನಾವು ಗೋಗರೆದರೆ, “ನಿನ್ನ ನೂಡಲ್ಸಿಗೆ ಇಡೀ ಹಾಸ್ಟೆಲ್ ಬೇಯಬೇಕೇನೇ?” ಎನ್ನುತ್ತಿದ್ದರು. ಹಾಗೆಂದವರೇ ಸಂಜೆ ಅಡುಗೆಮನೆಯಲ್ಲಿ ನಿಂತು ನಮಗೆ ನೂಡಲ್ಸ್ ಮಾಡಿಸಿ ಕೊಡುತ್ತಿದ್ದರು. ಅದಕ್ಕೆ ಕಾಯಿತುರಿ ಹಾಕಿಸುತ್ತಿದ್ದರು ಎಂಬುದೊಂದೇ ನಮ್ಮ ತಕರಾರು.

ತಿಂಗಳಲ್ಲಿ ಯಾವತ್ತೋ ಒಂದು ದಿನ, ಹೇಳದೆ ಕೇಳದೆ, ಸೀಟಿ ಊದುತ್ತಿದ್ದರು. ಊದಿದ ತಕ್ಷಣ ಕೈಯಲ್ಲಿದ್ದದ್ದನ್ನು ಬಿಟ್ಟು, ಸೀಟಿ ಕೇಳಿದ ಕಡೆಗೇ ಹೋಗಿ ಹಿತ್ತಲಲ್ಲಿ ನಿಲ್ಲಬೇಕು. ಒಂದೊಂದು ಹುಡುಗಿಗೂ ಒಬ್ಬಳು ಜೋಡಿ. ಹಾಜರಿ ಕೂಗುವುದಿಲ್ಲ. “ನಿನ್ನ ಜೋಡಿ ಎಲ್ಲೇ?” ಎಂದಷ್ಟೇ ಕೇಳುತ್ತಿದ್ದರು. ನನ್ನ ಜೋಡಿ ಶಬಾನಾ, ಹುಳಿಯಾರಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುವವರ ಮಗಳು, ನನ್ನ ರೂಮ್‌ಮೇಟ್ ಕೂಡ. ಒಮ್ಮೆ ಅವಳು ಉಪ್ಪಿನಕಾಯಿ ಜಾಡಿ ತಬ್ಬಿಕೊಂಡು ಇಳಿದು ಬಂದಳು. ಮಿಸ್ ಜಾಡಿಯನ್ನೂ ಅವಳನ್ನೂ ನೋಡಿ, “ಬೆಂಕೀಲಿ ಜಾಡಿ ಹಿಡ್ಕೊಂಡು ಬಿದ್ರೆ ಮೊದ್ಲು ಉಪ್ಪಿನಕಾಯಿ ಎತ್ತೋದೋ, ನಿನ್ನ ಎತ್ತೋದೋ?” ಎಂದರು. ಉಪ್ಪಿನಕಾಯಿ ರುಚಿ ನೋಡಿದ ಮೇಲೆ, “ಜಾಡೀನೇ ಎತ್ತಬೌದು ಬುಡು” ಎಂದೂ ಸೇರಿಸಿದರು.

ಆದರೆ ಮಿಸ್‌ಗೆ ನಿಜವಾಗಿ ಯುದ್ಧವಿದ್ದದ್ದು ತೆಂಗಿನಕಾಯಿಯ ಜೊತೆಗೆ. ನಮ್ಮ ಸೀಮೆಯಲ್ಲಿ ಮಗಳನ್ನು ನೋಡಲು ಬರುವ ಅಪ್ಪ ಬರಿಗೈಯಲ್ಲಿ ಬರುವುದುಂಟೆ? ಚೀಲ ಕಾಯಿ ಬರುತ್ತದೆ. ಎಲ್ಲರ ಮನೆಯಿಂದಲೂ ಬರುತ್ತದೆ. ಬೇಡವೆಂದರೆ ನಮ್ಮ ತೋಟದ ಕಾಯಿ ಏನು ಕೆಟ್ಟಿದೆ ಎಂದು ಮುನಿಸು. ಅಡುಗೆಮನೆ ತುಂಬಿದ ಮೇಲೆ ಚೀಲಗಳು ತಾವಾಗಿಯೇ ಹೋಗಿ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದವು. ಹೇಗೂ ಅಲ್ಲಿ ಯಾರೂ ಓಡಾಡುವುದಿಲ್ಲವಲ್ಲ!

ಹಾಲ್ಕುರಿಕೆಯ ನಮ್ಮಪ್ಪ ಹೀಗೆ ಚೀಲ ಹೊತ್ತು ಮೆಟ್ಟಿಲಿಗೆ ಇಳಿಸಿದ್ದನ್ನು ಮಿಸ್ ಕಣ್ಣೆದುರೇ ಕಂಡರು.

“ಯಜಮಾನ್ರೇ, ಕಾಯಿಗೆ ಕೈ ಮುಗೀತೀನಿ, ಆದ್ರೆ ಅಲ್ಲಿ ಬ್ಯಾಡ. ಅದು ಮಕ್ಕಳು ಇಳಿಯೋ ದಾರಿ.”

“ಮುಂದ್ಗಡೆ ಅಷ್ಟಗಲ ಮೆಟ್ಲು ಐತಲ್ಲ ಮೇಡಮ್ಮೋರೇ.”

“ಮುಂದ್ಗಡೆನೇ ಬೆಂಕಿ ಬಿದ್ರೆ?”

ಒಳ್ಳೆ ಮಾತಾಡುವ ಹೊತ್ತಲ್ಲಿ ಇಂಥ ಅಪಶಕುನ ನುಡಿದರೆಂದು ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಬಿಡ್ತು ಅನ್ರೀ!” ಎಂದು ಚೀಲ ವಾಪಸ್ಸು ಹೆಗಲಿಗೇರಿಸಿದರು. ಮಿಸ್ ಅದನ್ನು ಕಿತ್ತುಕೊಂಡು ತಮ್ಮ ರೂಮಿನೊಳಕ್ಕೆ ಎಳೆದುಕೊಂಡು ಹೋದರು. ಹಾಗೆ ಬಂದವರ ಕಾಯೆಲ್ಲ ಅವರ ಮಂಚದ ಸುತ್ತ ಸೇರಿತು. ಮಂಚದಿಂದ ಬಾಗಿಲಿಗೆ ಹೋಗುವಷ್ಟು ಜಾಗ ಮಾತ್ರ ಯಾವತ್ತೂ ಖಾಲಿ.

ಇನ್ನೊಂದು ಜಗಳ ಹಾಸ್ಟೆಲ್ ನಡೆಸುವ ಕಮಿಟಿಯವರ ಜೊತೆ. ಹೆಣ್ಣುಮಕ್ಕಳ ಹಾಸ್ಟೆಲ್, ಹಿಂದಿನ ಬಾಗಿಲಿಗೆ ಬೀಗ ಹಾಕಲೇಬೇಕೆಂದು ಅವರ ಹಟ. ಒಳಗಿನಿಂದ ಚಿಲಕ ಸಾಕು, ಬೀಗ ಬೀಳಕೂಡದೆಂದು ಇವರದು. ಕಮಿಟಿಯ ಹಿರಿಯರೊಬ್ಬರು ನಮ್ಮೆದುರಿಗೇ, “ಹುಡುಗೀರು ಓಡೋದ್ರೆ ಯಾರ್ರೀ ಜವಾಬ್ದಾರಿ?” ಎಂದರು. ಮಿಸ್ ಅವತ್ತು ಬೆರಳು ತೋರಿಸಿ ಮಾತಾಡಿದರು.

“ಓಡೋಗ್ಲಿ ಅಂತಾನೇ ಸ್ವಾಮಿ ನಾನು ಚಿಲ್ಕ ಇಟ್ಟಿರೋದು. ಬೆಂಕಿ ಬಂದಾಗ ಓಡ್ದೆ ಇನ್ನೇನು, ನಿಮ್ಮನ್ನ ಕೇಳ್ಕೊಂಡು ಸಾಯ್ಬೇಕಾ?”

ಆ ರೋಷ ಎಲ್ಲಿಂದ ಬಂತೆಂದು ಆಮೇಲೆ ಅವರೇ ಹೇಳಿದರು. ಅವರು ಟೀಚರ್ ಟ್ರೈನಿಂಗಿನಲ್ಲಿದ್ದಾಗ ಅಲ್ಲಿಯ ಹಾಸ್ಟೆಲಿನ ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ಹಿಂದಿನ ಬಾಗಿಲಿಗೆ ಬೀಗ. ಜೊತೆಯ ಹುಡುಗಿ ಮಹಡಿಯಿಂದ ಜಿಗಿದಳು. ಜೀವ ಉಳಿಯಿತು, ಕಾಲು ಹೋಯಿತು. “ಓಟದಲ್ಲಿ ನನ್ನ ಮೀರಿಸ್ತಿದ್ದೋಳು ಕಣ್ರೇ” ಎಂದು ಹೇಳಿ ಎದ್ದು ಹೋದರು. ಅವತ್ತಿನಿಂದ ಡ್ರಿಲ್ಲಿಗೆ ಗೊಣಗುವುದನ್ನು ನಾವು ಕಡಿಮೆ ಮಾಡಿದೆವು, ಪೂರ್ತಿ ಬಿಡಲಿಲ್ಲ.

ನಾವು ಎರಡನೇ ವರ್ಷದಲ್ಲಿದ್ದಾಗ ಒಂದು ಭಾನುವಾರ ಅದು ನಡೆಯಿತು. ನಮ್ಮಲ್ಲಿ ಸ್ನಾನದ ನೀರು ಕಾಯುವುದು ಹಿತ್ತಲಿನ ಹಂಡೆ ಒಲೆಯಲ್ಲಿ, ತೆಂಗಿನ ಸಿಪ್ಪೆ ಉರಿಸಿ. ಬೆಳಿಗ್ಗೆ ಮಳೆ ಹನಿಯಲು ಶುರುವಾದಾಗ ಅಡುಗೆಯವರು ಒಲೆಯ ಸುತ್ತಲಿದ್ದ ಸಿಪ್ಪೆಯೆಲ್ಲ ಒದ್ದೆಯಾದೀತೆಂದು ಬಾಚಿ ತಂದು ಮುಂದಿನ ಮೆಟ್ಟಿಲ ಕೆಳಗೆ ಒಟ್ಟಿದ್ದರು. ಅದರಲ್ಲಿ ಅರ್ಧ ಉರಿದ ಸಿಪ್ಪೆಯೊಂದು ಸೇರಿಹೋಗಿತ್ತು. ಸಿಪ್ಪೆಯ ಕೆಂಡ ಬಲು ಕಳ್ಳ. ಹೊರಗೆ ಬೂದಿ, ಒಳಗೆ ನಿಗಿನಿಗಿ. ಮಧ್ಯಾಹ್ನ ಊಟ ಮುಗಿಸಿ ನಾವೆಲ್ಲ ಅಡ್ಡಾಗಿದ್ದಾಗ ಸೀಟಿ ಕೇಳಿಸಿತು.

“ಭಾನುವಾರನೂ ಬಿಡಲ್ವಲ್ಲಪ್ಪ!” ಎಂದು ಪಕ್ಕದ ರೂಮಿನಲ್ಲಿ ಅಡ್ಡಾಗಿದ್ದ ನಾನೂ ಅಲ್ಲಿಯವರ ಜೊತೆ ಎದ್ದೆ. ಕಾರಿಡಾರಿಗೆ ಬಂದರೆ ಮುಂದಿನ ಮೆಟ್ಟಿಲಿಂದ ಹೊಗೆ ದಟ್ಟವಾಗಿ ಏರಿ ಬರುತ್ತಿತ್ತು. ನಮ್ಮ ರೂಮಿಗೆ ಓಡಿ ನೋಡಿದೆ. ಶಬಾನಾಳ ಹಾಸಿಗೆ ಖಾಲಿ. ಮೊದಲೇ ಇಳಿದಿದ್ದಾಳೆ ಎಂದುಕೊಂಡೆ. ಕಾಲುಗಳು ಅಭ್ಯಾಸಬಲದಿಂದ ಹಿಂದಿನ ಮೆಟ್ಟಿಲು ಹಿಡಿದವು. ಅಲ್ಲಿ ಒಂದು ಕಾಯಿಯೂ ಇರಲಿಲ್ಲ, ಬಾಗಿಲಿಗೆ ಬೀಗವೂ ಇರಲಿಲ್ಲ. ಅಷ್ಟೂ ಹುಡುಗಿಯರು ಒಬ್ಬರ ಹಿಂದೊಬ್ಬರು ದಡದಡನೆ ಇಳಿದು ಹಿತ್ತಲಿಗೆ ಬಂದೆವು.

ಮಿಸ್ ಫೈರ್ ಆಫೀಸಿಗೆ ಫೋನ್ ಮಾಡಿ ಮುಗಿಸಿದ್ದರು. ಒಬ್ಬೊಬ್ಬರ ಮುಖ ನೋಡುತ್ತ ಬಂದು ನನ್ನ ಮುಂದೆ ನಿಂತರು.

“ನಿನ್ನ ಜೋಡಿ ಎಲ್ಲೇ?”

ನಾನು ಸುತ್ತ ನೋಡಿದೆ. ಶಬಾನಾ ಇರಲಿಲ್ಲ. ಯಾರೋ, “ಅವ್ಳು ತಲೆಗೆ ನೀರು ಹಾಕ್ಕೊಳ್ಳೋಕೆ ಹೋದ್ಲು ಮಿಸ್” ಎಂದರು. ಮಹಡಿಯ ಬಚ್ಚಲು ಇದ್ದದ್ದು ಮುಂದಿನ ಮೆಟ್ಟಿಲಿನ ಪಕ್ಕದಲ್ಲೇ. ನಲ್ಲಿಯ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಕ್ಕಿಲ್ಲ. ನಾನು ಮೆಟ್ಟಿಲ ಕಡೆ ನುಗ್ಗಿದೆ. ಮಿಸ್ ನನ್ನ ಜಡೆ ಹಿಡಿದು ಎಳೆದರು. ನೋವಿಗೆ ಕಣ್ಣಲ್ಲಿ ನೀರು ಬಂತು.

“ಬಿಡಿ ಮಿಸ್, ಅವ್ಳು ಒಳಗಿದಾಳೆ!”

“ಗೊತ್ತು ಕಣೇ. ನೀನೂ ಹೋದ್ರೆ ಇಬ್ರನ್ನ ಹುಡುಕ್ಬೇಕು ನಾನು.”

ಜಡೆಯನ್ನು ಎಡಗೈಗೆ ಸುತ್ತಿಕೊಂಡು, ಹಿಂದಿನ ಬಾಗಿಲಲ್ಲಿ ನಿಂತು, ಮಹಡಿಯ ಕಡೆ ಮುಖ ಮಾಡಿ ಸೀಟಿ ಊದತೊಡಗಿದರು. ಊದಿದರು, ಉಸಿರು ಎಳೆದುಕೊಂಡರು, ಮತ್ತೆ ಊದಿದರು. ಮುಖ ಕೆಂಪೇರಿ ಕೊರಳ ನರಗಳು ಉಬ್ಬಿದವು. ಅಕ್ಕಪಕ್ಕದವರು ಮುಂದಿನಿಂದ ಬಕೆಟ್‌ಗಟ್ಟಲೆ ನೀರು ಎರಚುತ್ತಿದ್ದರು. ಹಿಂದಿನ ಮೆಟ್ಟಿಲಿಗೂ ಹೊಗೆ ಸುತ್ತಿಕೊಂಡು ಬರತೊಡಗಿತು. ನಾನು ಕಂಡಕಂಡ ದೇವರಿಗೆಲ್ಲ, ಶಬಾನಾಳ ದೇವರಿಗೂ ಸೇರಿಸಿ, ಹರಕೆ ಹೊತ್ತೆ.

ಮೇಲಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಎರಡು ಬರಿಗಾಲು ಕಂಡವು. ಶಬಾನಾ ಮೆಟ್ಟಿಲ ಮೇಲೆ ಕೂತುಕೊಂಡೇ ಒಂದೊಂದಾಗಿ ಜಾರುತ್ತ ಬರುತ್ತಿದ್ದಳು. ಒದ್ದೆ ನೈಟಿ, ಮೂಗಿಗೆ ಕಟ್ಟಿದ ಒದ್ದೆ ಟವೆಲು, ಮುಖವೆಲ್ಲ ಮಸಿ. ಬಚ್ಚಲ ಬಾಗಿಲು ತೆಗೆದರೆ ಏನೂ ಕಾಣಲಿಲ್ಲವಂತೆ. ದಿನಾ ಓಡಾಡುವ ಮುಂದಿನ ಮೆಟ್ಟಿಲ ಕಡೆಗೇ ಮನಸ್ಸು ಎಳೆಯಿತಂತೆ. ಸೀಟಿ ಮಾತ್ರ ಇನ್ನೊಂದು ಕಡೆಯಿಂದ ಕೇಳುತ್ತಿತ್ತು. ನೆಲಕ್ಕೆ ಬಗ್ಗಿ, ಗೋಡೆ ಸವರಿಕೊಂಡು, ಸದ್ದಿನ ಜಾಡು ಹಿಡಿದು ಬಂದಿದ್ದಳು.

ಕೆಳಗಿಳಿದವಳು ಟವೆಲು ಕಿತ್ತು ಹೇಳಿದ ಮೊದಲ ಮಾತು: “ಮಿಸ್, ಸೀಟಿ ನಿಲ್ಸಿ, ಕಿವಿ ಹೋಯ್ತು.”

ಮಿಸ್ ಅವಳ ಬೆನ್ನಿಗೊಂದು ಬಾರಿಸಿದರು, ಮರುಕ್ಷಣ ಎಳೆದು ಅಪ್ಪಿಕೊಂಡರು. ನನ್ನ ಜಡೆ ಇನ್ನೂ ಅವರ ಕೈಯಲ್ಲೇ ಇದ್ದುದರಿಂದ ನಾನೂ ಆ ಅಪ್ಪುಗೆಯೊಳಗೆ ಹೋಗಿ ಬಿದ್ದೆ. ಅಳುತ್ತಿದ್ದ ಹುಡುಗಿಯರೆಲ್ಲ ನಗಲು ಶುರು ಮಾಡಿದರು. ನನಗಂತೂ ನಗುವುದೋ ಅಳುವುದೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಫೈರ್ ಇಂಜಿನ್ ಬಂದು ಬೆಂಕಿ ಪೂರ್ತಿ ಆರಿಸಿತು. ಒಬ್ಬ ಹುಡುಗಿಗೂ ಒಂದು ಬೊಬ್ಬೆ ಕೂಡ ಎದ್ದಿರಲಿಲ್ಲ.

ಸುದ್ದಿ ಕೇಳಿ ಅಪ್ಪ ಹಾಲ್ಕುರಿಕೆಯಿಂದ ಹಾರಿ ಬಂದರು. ನನ್ನನ್ನು ಮುಟ್ಟಿ ಮುಟ್ಟಿ ನೋಡಿ ಸಮಾಧಾನವಾದ ಮೇಲೆ ಹಿಂದಿನ ಮೆಟ್ಟಿಲ ಹತ್ತಿರ ಹೋಗಿ ಅದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಮಿಸ್‌ಗೆ ಕೈ ಮುಗಿದರು. ಮುಂದಿನ ಸಲ ಬಂದಾಗ ಮತ್ತೆ ಕಾಯಿ ತಂದಿದ್ದರು. ಗೇಟಿನ ಹೊರಗೇ ನಿಂತು, “ಮೇಡಮ್ಮೋರೇ, ಎಲ್ಲಿಡ್ಲಿ?” ಎಂದು ಕೂಗಿ ಕೇಳಿದರು.

ಈಗ ಮಿಸ್ ಇಲ್ಲ. ದಬ್ಬೇಘಟ್ಟದ ತಂಗಿಯ ಮನೆಯಲ್ಲಿ, ಯಾರಿಗೂ ತೊಂದರೆ ಕೊಡದೆ, ನಿದ್ದೆಯಲ್ಲೇ ಹೋದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹುಳಿಯಾರಿನಲ್ಲಿ, ಶಬಾನಾಳ ಮದುವೆಯಲ್ಲಿ. ಶಬಾನಾಳ ಅಪ್ಪ ಮಿಸ್‌ಗೆಂದೇ ಬೇರೆ ಒಲೆ ಹೂಡಿಸಿ ಸಸ್ಯಾಹಾರ ಮಾಡಿಸಿದ್ದರು. ಊಟವಾದ ಮೇಲೆ ನಾನು ಅವರ ಪಕ್ಕ ಕೂತು, ಆ ಭಾನುವಾರದ ಮಾತು ತೆಗೆದೆ. ಅಷ್ಟು ಧೈರ್ಯ ನಿಮಗೆ ಹೇಗೆ ಬಂತು ಮಿಸ್, ಅವಳು ಬಂದೇ ಬರುತ್ತಾಳೆ ಅಂತ ನಿಮಗೆ ಗೊತ್ತಿತ್ತಾ ಎಂದು ಕೇಳಿದೆ.

ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆ ಸರಿಸಿಕೊಂಡರು.

“ಎಲ್ಲಿ ಗೊತ್ತಿತ್ತು ಕಣೇ. ಆ ಹೊಗೆ ನೋಡಿ ನನ್ನ ಜೀವ ಅರ್ಧ ಹೋಗಿತ್ತು. ಊದೋದು ನಿಲ್ಸಿದ್ರೆ ಅವ್ಳು ಇನ್ನಿಲ್ಲ ಅಂತ ನಾನೇ ಒಪ್ಕೊಂಡಂಗೆ ಆಗ್ತಿತ್ತು. ಅದಕ್ಕೇ ಊದ್ದೆ.”

ಎದುರಿಗೆ ಶಬಾನಾ, ಕೈತುಂಬ ಮೆಹಂದಿ, ಯಾರದೋ ಮಾತಿಗೆ ದೊಡ್ಡದಾಗಿ ನಗುತ್ತಿದ್ದಳು. ಮಿಸ್ ಅವಳನ್ನೇ ನೋಡುತ್ತ ಕೂತರು. ಆಮೇಲೆ ಉಸಿರು ಬಿಟ್ಟು, ನನ್ನ ಮೊಣಕಾಲು ತಟ್ಟಿ ಹೇಳಿದರು:

“ಬಂದ್ಲಲ್ಲ, ಬುಡು.”